ಬೈಗುಳದ ದೋಣಿ

ಬೆಟ್ಟಗಳ ನಡುವಿನ ಆ ಸರೋವರದಲ್ಲಿ ದೋಣಿ ನಡೆಸುತ್ತಿದ್ದ ಹೆಂಗಸಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ದೋಣಿಮನೆಯ ಶಟರ್ ಅರ್ಧಕ್ಕೆ ಸಿಕ್ಕಿಕೊಂಡರೆ ಶಟರಿಗೆ ಬೈಯುತ್ತಿದ್ದಳು. ಇಂಜಿನ್ನು ಮೊದಲ ಎಳೆತಕ್ಕೆ ಹತ್ತದಿದ್ದರೆ ಇಂಜಿನ್ನಿಗೆ. ಹತ್ತಿಬಿಟ್ಟರೆ, ನಿನ್ನೆ ಯಾಕೆ ಸತಾಯಿಸಿದೆ ಎಂದು ಮತ್ತೆ ಅದಕ್ಕೇ. ಸಾಹಸ ಶಿಬಿರದ ಕೆಲಸಗಾರರೆಲ್ಲ ಅವಳನ್ನು ದೋಣಿಯಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ ಅದೂ ಅವಳಿಗೆ ಗೊತ್ತಿತ್ತು. ಅದನ್ನೂ ಸೇರಿಸಿಯೇ ಬೈಯುತ್ತಿದ್ದಳು.

ಶಿಬಿರಕ್ಕೆ ಬರುವವರು ದೊಡ್ಡ ಊರುಗಳ ಹುಡುಗ ಹುಡುಗಿಯರು. ವಾರಗಟ್ಟಲೆ ಡೇರೆಯಲ್ಲಿ ಮಲಗಿ, ತಂತಿಗೆ ಜೋತುಬಿದ್ದು ಕಣಿವೆ ದಾಟಿ, ಬಂಡೆಗಳನ್ನು ತಬ್ಬಿ ಹತ್ತಿ, ಮೈಕೈ ತರಚಿಕೊಂಡು, ಅದರ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಸರುವಾಸಿ ಹಾರುಬಂಡೆ. ಮೂರು ಅಂತಸ್ತಿನ ಮನೆಯಷ್ಟು ಎತ್ತರಕ್ಕೆ ನೀರಿನಿಂದ ನೆಟ್ಟಗೆ ಎದ್ದ ಕಲ್ಲು. ಲೈಫ್ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ಅದರ ತುದಿಯಿಂದ ಸರೋವರಕ್ಕೆ ಹಾರಬೇಕು. ಬೇಸಿಗೆಯಲ್ಲೂ ಮೈ ಕೊರೆಯುವ ನೀರು. ಹಾರಿ ಮೇಲೆ ಬಂದವರಿಗೆ ಕೈಕಾಲು ತಮ್ಮವೇ ಅನ್ನಿಸುತ್ತಿರಲಿಲ್ಲ. ಅವರು ಹೆಪ್ಪುಗಟ್ಟುವ ಮೊದಲು ದೋಣಿ ತಂದು, ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಒಳಕ್ಕೆ ಎಳೆದು ಹಾಕುವುದು ದೋಣಿಯಮ್ಮನ ಕೆಲಸ.

ಅವಳ ಅಪ್ಪ ಇದೇ ನೀರಿನಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ಸಾಗಿಸುತ್ತಿದ್ದವನು. ಸರೋವರ ಸುತ್ತಿ ರಸ್ತೆ ಬಂದ ಮೇಲೆ ಅವನ ದೋಣಿಗೆ ಕೆಲಸ ಹೋಯಿತು. ಬಾಕಿ ಆಯುಷ್ಯವನ್ನೆಲ್ಲ ಅವನು ಜಗಲಿಯ ಮೇಲೆ ಕೂತು, ಹೋಗಿಬರುವ ಬಸ್ಸುಗಳನ್ನು ದುರುಗುಟ್ಟಿ ನೋಡುವುದರಲ್ಲೇ ಕಳೆದ. ಆ ದುರುಗುಟ್ಟುವಿಕೆ ಮಗಳಿಗೆ ಬಳುವಳಿಯಾಗಿ ಬಂತು ಎಂದು ಗಂಡ ತಮಾಷೆ ಮಾಡುತ್ತಿದ್ದ. ಗಂಡ ಶಿಬಿರದಲ್ಲೇ ಇಂಜಿನ್ ರಿಪೇರಿಯವನು, ಮಾತು ಕಡಿಮೆ.

ಆದರೆ ಶಿಬಿರಕ್ಕೆ ಸೇರಿದ ಹೊಸದರಲ್ಲಿ ಅವಳು ಹೀಗಿರಲಿಲ್ಲ. "ಸ್ವಲ್ಪ ಕೂತ್ಕೊಳ್ಳಿ, ದೋಣಿ ಅಲ್ಲಾಡುತ್ತೆ" ಎಂದು ಮೆತ್ತಗೆ ಹೇಳುತ್ತಿದ್ದಳು. ಹಾಗೆ ಹೇಳಿದ ಒಂದು ದಿನ ಒಬ್ಬ ಹುಡುಗ ಎದ್ದು ನಿಂತು ಕುಣಿದ, ಮುಗ್ಗರಿಸಿದ, ದೋಣಿಯ ಅಂಚಿಗೆ ಬಾಯಿ ಬಡಿದು ಮುಂದಿನ ಹಲ್ಲು ಮುರಿದುಕೊಂಡ. ಶಿಬಿರದ ಧಣಿ ಅವಳನ್ನೇ ತರಾಟೆಗೆ ತೆಗೆದುಕೊಂಡ. ಮಾರನೆಯ ದಿನ ಅವಳು ಗಂಟಲು ಹರಿಯುವಂತೆ ಒಮ್ಮೆ ಗದರಿದಳು. ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ ದೊಪ್ಪನೆ ಕೂತರು. ಅಂದಿನಿಂದ ಅದೇ ದನಿ ಅವಳ ದನಿಯಾಯಿತು.

ಅದು ದೋಣಿಯಲ್ಲೇ ಉಳಿಯಲಿಲ್ಲ. ಅವಳ ಜೊತೆ ಇಳಿದು ಮನೆಗೂ ಬಂತು. ಸಂಜೆ ತಟ್ಟೆ ಇಡುವುದು ತಡವಾದರೆ, ಚಪ್ಪಲಿ ಸೊಟ್ಟಗಿದ್ದರೆ, ಗಂಡನ ಮೇಲೆ ಹರಿಹಾಯುತ್ತಿದ್ದಳು. ಅವನು ತಲೆ ಎತ್ತದೆ, "ದಡಕ್ಕೆ ಬಂದಿದ್ದೀಯ ಮಾರಾಯ್ತಿ, ಇಂಜಿನ್ ಆಫ್ ಮಾಡು" ಎನ್ನುತ್ತಿದ್ದ.

ಬೈಯುವುದರಲ್ಲಿ ಅವಳಿಗೆ ಒಂದು ರುಚಿಯೂ ಹತ್ತಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಒಮ್ಮೆ ಒಬ್ಬ ಹುಡುಗಿ ಹಾರಿ ಬಂದು, ದೋಣಿಯ ಅಂಚು ಹಿಡಿದು ಗಡಗಡ ನಡುಗುತ್ತಾ ಅಳುತ್ತಿದ್ದಳು. "ಇಷ್ಟು ಹೆದರೋಳು ಮನೇಲಿ ಮಂಚದ ಮೇಲಿಂದ ಹಾರಬೇಕಿತ್ತು. ಇಲ್ಲಿ ಬಂದು ನಮ್ಮ ಪ್ರಾಣ ಯಾಕೆ ತಿಂತೀಯ" ಎಂದಳು ದೋಣಿಯಮ್ಮ. ಆ ಹುಡುಗಿ ಮರುದಿನದ ಬಸ್ಸಿಗೇ ಗಂಟುಮೂಟೆ ಕಟ್ಟಿದಳು. ದೋಣಿಯಮ್ಮನಿಗೆ ಅದರಿಂದ ನಿದ್ದೆಗೇನೂ ಭಂಗ ಬರಲಿಲ್ಲ.

ಹಾರುಬಂಡೆಯ ಮೇಲೆ ನಿಲ್ಲುತ್ತಿದ್ದವಳು ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎಲ್ಲರೂ ಅವಳನ್ನು ಬಂಡೆಯಕ್ಕ ಅನ್ನುತ್ತಿದ್ದರು. ಹಾರುವವರ ಹೆಲ್ಮೆಟ್ಟು, ಜಾಕೆಟ್ಟಿನ ಪಟ್ಟಿ ನೋಡಿ, ಹಾರಲು ಹೇಳುವುದು ಅವಳ ಕೆಲಸ. ಅವಳ ಬಾಯಲ್ಲಿ ಬರೀ ಬೆಣ್ಣೆ. "ಚಿನ್ನ, ಕೆಳಗೆ ನೋಡಬೇಡ. ಎದುರಿನ ಬೆಟ್ಟ ನೋಡು. ನಾನಿದ್ದೀನಲ್ಲ" ಎಂದರೆ ಸಾಕು, ಹಿಂದಿರುಗಿ ಇಳಿದು ಹೋಗಲು ಹೊರಟವರೂ ತಿರುಗಿ ಬಂದು ಹಾರುತ್ತಿದ್ದರು. ಹಾರುವ ತನಕ ಅವರು ಬಂಡೆಯಕ್ಕನ ಚಿನ್ನ. ನೀರಿಗೆ ಬಿದ್ದ ಮೇಲೆ ದೋಣಿಯಮ್ಮನ ಕತ್ತೆ.

ಈ ಇಬ್ಬರೂ ಒಂದೇ ಸೂರಿನ ಕೆಳಗಿದ್ದರೂ ಮಾತು ಬಿಟ್ಟು ವರ್ಷಗಳಾಗಿದ್ದವು. ದೋಣಿಯಮ್ಮನ ತಂಗಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಮಾತುಕತೆ ಮುಗಿಯುವುದರಲ್ಲಿತ್ತು. ಆಗ ಗಂಡಿನ ತಾಯಿಯ ಹತ್ತಿರ ಬಂಡೆಯಕ್ಕ, ಮಾತಿನ ನಡುವೆ ಎಂಬಂತೆ, "ಚಿಕ್ಕಂದಿನಲ್ಲಿ ಆ ಹುಡುಗಿಗೆ ಮೂರ್ಛೆ ಬರ್ತಿತ್ತು, ಈಗ ಪಾಪ ಗುಣವಾಗಿದೆ" ಎಂದುಬಿಟ್ಟಳು. ಆಡಿದ್ದೇನೋ ನಿಜವೇ. ಆದರೆ ಅವಳನ್ನು ಕೇಳಿದವರು ಯಾರು? ಸಂಬಂಧ ಮುರಿಯಿತು. ತಂಗಿಗೆ ಆಮೇಲೆ ಬೇರೆ ಕಡೆ ಮದುವೆಯಾಗಿ ಮಕ್ಕಳೂ ಆದರು. ಆದರೂ ದೋಣಿಯಮ್ಮ ಅಡುಗೆಮನೆಯ ನಡುವೆ ಗೋಡೆ ಎಬ್ಬಿಸಿದ್ದು ಆಗಲೇ. ಒಂದೇ ಕಿಟಕಿ ಇದ್ದದ್ದರಿಂದ ಗೋಡೆ ಕಿಟಕಿಯ ನಟ್ಟನಡುವೆ ಬಂತು. ಇಬ್ಬರಿಗೂ ಅರ್ಧರ್ಧ ಬೆಳಕು. ಹಿತ್ತಲಿನ ನಲ್ಲಿ ಮಾತ್ರ ಒಂದೇ.

ಕೆಲಸದಲ್ಲಿ ಮಾತಾಡದೆ ವಿಧಿಯಿರಲಿಲ್ಲ. ಅದಕ್ಕೆ ವಾಕಿಟಾಕಿ ಇತ್ತು.

"ಕೆಳಗಿನವರು?"

"ಹೂಂ."

"ಒಬ್ಬ ಬರ್ತಾನೆ."

"ಬರಲಿ."

ಕೆಳಗಿನಿಂದ 'ಬರಲಿ' ಅನ್ನುವ ತನಕ ಮೇಲಿನವಳು ಯಾರನ್ನೂ ಬಿಡುವಂತಿಲ್ಲ. ಹಾರುವ ಜಾಗದ ಹೊರಗೆ ಒಂದು ಕೆಂಪು ತೇಲುಗುಂಡು ಕಟ್ಟಿತ್ತು. ದೋಣಿ ಅದರಾಚೆ ಇದ್ದರಷ್ಟೇ 'ಬರಲಿ'. ಒಬ್ಬರ ಮುಖ ಒಬ್ಬರಿಗೆ ಆಗದಿದ್ದರೂ ಆ ನಿಯಮ ತಪ್ಪಿದ್ದಿಲ್ಲ.

ಒಂದು ಬೇಸಿಗೆಯಲ್ಲಿ ಒಂದು ಗುಂಪು ಬಂತು. ತಾವು ಸೇತುವೆಯಿಂದ ಹಾರಿದ್ದೇವೆ, ವಿಮಾನದಿಂದ ಹಾರಿದ್ದೇವೆ, ಈ ಬಂಡೆ ಯಾವ ಲೆಕ್ಕ ಎಂದು ಊಟದ ಮನೆಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಅವರ ನಾಯಕ ಹೆಲ್ಮೆಟ್ಟಿನ ಮೇಲೆ ಪುಟ್ಟ ಕ್ಯಾಮೆರಾ ಸಿಕ್ಕಿಸಿಕೊಂಡು ಓಡಾಡುವ ಹುಡುಗ. ಹಾರಿ ಬಂದವನನ್ನು ದೋಣಿಯಮ್ಮ ಒಳಗೆ ಎಳೆದು ಹಾಕಿದ್ದೇ ತಡ, ಅವನು ಎದ್ದು ನಿಂತು ಸುತ್ತಲ ಬೆಟ್ಟಗಳನ್ನು ಕ್ಯಾಮೆರಾಕ್ಕೆ ತೋರಿಸತೊಡಗಿದ.

"ಏಯ್, ಕೂತ್ಕೋ. ನಿಂತ್ಕೊಂಡು ಏನು ಹುಡುಕ್ತೀಯ? ಬುದ್ಧಿ ನೀರಿಗೆ ಬಿದ್ದುಹೋಯ್ತಾ? ಬಿಡು, ಅಷ್ಟು ಸಣ್ಣ ಸಾಮಾನು ಇಷ್ಟು ದೊಡ್ಡ ನೀರಲ್ಲಿ ಸಿಗಲ್ಲ."

"ಒಂದೇ ನಿಮಿಷ ಆಂಟಿ."

"ಆಂಟಿ ಅಂತೆ ಆಂಟಿ. ನಿಮ್ಮಪ್ಪನ ಜೊತೆ ಹುಟ್ಟಿದ್ದೀನಾ ನಾನು? ಮಿದುಳು ಇರೋ ಜಾಗದಲ್ಲಿ ಬ್ಯಾಟರಿ ಇಟ್ಕೊಂಡು ತಿರುಗ್ತಾ ಇದ್ದೀಯ, ನಿಮ್ಮಮ್ಮನಿಗೆ ಗೊತ್ತಾ? ಈಗ ನೀನು ಬಿದ್ದರೆ ನಾನು ನಿನ್ನನ್ನ ಎತ್ತಲ್ಲ, ಆ ಕ್ಯಾಮೆರಾನ ಎತ್ಕೋತೀನಿ. ಅದಾದರೂ ಒಂದು ಕೆಲಸಕ್ಕೆ ಬರುತ್ತೆ."

ಅವನು ಕೂತ. ಅವಳಿಗೆ ಬೇಕಾಗಿದ್ದು ಅಷ್ಟೇ. ಸಂಜೆಯ ಹೊತ್ತಿಗೆ ಮರೆತೂ ಬಿಟ್ಟಳು.

ಅವನು ಮರೆಯಲಿಲ್ಲ. ಊರಿಗೆ ಹೋಗಿ ಆ ವಿಡಿಯೋವನ್ನು ಎಲ್ಲರೂ ನೋಡುವಂತೆ ಹಾಕಿದ. 'ಬೈಗುಳದ ಆಂಟಿ' ಎಂದು ಹೆಸರಿಟ್ಟ. ದೋಣಿಯಮ್ಮನಿಗೆ ವಿಷಯ ತಿಳಿದದ್ದು ತಂಗಿ ಫೋನ್ ಮಾಡಿದಾಗ. "ಅಕ್ಕ, ನಮ್ಮ ಆಫೀಸಲ್ಲಿ ಎಲ್ಲರೂ ನಿನ್ನನ್ನ ನೋಡಿ ಬಿದ್ದು ಬಿದ್ದು ನಗ್ತಾ ಇದ್ದಾರೆ. ನೀನು ನನ್ನ ಅಕ್ಕ ಅಂತ ನಾನು ಹೇಳಲಿಲ್ಲ" ಎಂದಳು ತಂಗಿ. ಆ ಕೊನೆಯ ಮಾತು ದೋಣಿಯಮ್ಮನಿಗೆ ನಾಟಿತು. ಫೋನಿಟ್ಟು, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಮುಂದಿನ ವಾರ ಬಂದವರು ಬಂಡೆ ನೋಡುವ ಮೊದಲು ದೋಣಿಕಟ್ಟೆಗೆ ಬಂದರು. "ಬೈಗುಳದ ಆಂಟಿ ನೀವೇನಾ?" ದೋಣಿ ನಡುನೀರಿಗೆ ಹೋದದ್ದೇ ಒಬ್ಬಳು ಬೇಕೆಂದೇ ಎದ್ದು ನಿಂತಳು. ಉಳಿದವರು ಫೋನು ಹಿಡಿದು ಕಾದರು. ದೋಣಿಯಮ್ಮ ಎಂದಿನಂತೆ ಬಾಯಿ ಬಿಟ್ಟಳು. "ಕಾಲಿಗೆ ಮೂಳೆ ಕೊಟ್ಟಿರೋದು ಮಡಚೋಕೆ..." ಎಂದು ಶುರುಮಾಡುವಷ್ಟರಲ್ಲಿ ಎಲ್ಲರೂ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಬೈಗುಳ ಅವಳ ಬಾಯಲ್ಲೇ ನಿಂತುಹೋಯಿತು. ನಿಂತ ಹುಡುಗಿ ಕೂರಲಿಲ್ಲ. "ಆಮೇಲೆ? ಆಮೇಲೆ?" ಎಂದಳು.

ಧಣಿ ಅವಳನ್ನು ಆಫೀಸಿಗೆ ಕರೆಸಿದ. ಅವನು ಮೊದಲು ಬಚ್ಚಲುಮನೆಯ ಟೈಲ್ಸ್ ಮಾರುತ್ತಿದ್ದವನು. ಗೋಡೆಗೆ, ನೆಲಕ್ಕೆ, ಮೇಜಿಗೆ ಕೂಡ ಟೈಲ್ಸ್ ಅಂಟಿಸಿದ್ದ.

"ಕೂತ್ಕೋಮ್ಮ. ನೀನು ನಮ್ಮ ಶಿಬಿರಕ್ಕೆ ಒಂದು ಕಳೆ ತಂದುಬಿಟ್ಟೆ."

"ನಾನೇನೂ ತಂದಿಲ್ಲ ಸ್ವಾಮಿ. ಅವರು ದೋಣೀಲಿ ಕೂರ್ತಾ ಇಲ್ಲ."

"ಕೂರದಿದ್ದರೆ ಬೈ. ಅದಕ್ಕೇ ತಾನೇ ಬರೋದು ಅವರು."

"ಕೂರಲಿ ಅಂತ ನಾನು ಬೈತಿದ್ದದ್ದು. ಈಗ ಬೈಸಿಕೊಳ್ಳಕ್ಕೆ ಅಂತ ನಿಲ್ತಾರೆ."

"ಎರಡೂ ಒಂದೇ ಬಿಡು" ಎಂದ ಧಣಿ.

ಹತ್ತು ದಿನಗಳಲ್ಲಿ ದೋಣಿಯ ಪಕ್ಕಕ್ಕೆ ದೊಡ್ಡ ಅಕ್ಷರಗಳಲ್ಲಿ 'ಬೈಗುಳದ ದೋಣಿ' ಎಂದು ಬರೆಸಿದ. ಜೊತೆಗೆ ಬಾವಿಯಷ್ಟು ಬಾಯಿ ತೆರೆದ ಒಂದು ಹೆಂಗಸಿನ ಮುಖ. ಬಣ್ಣ ಹಿಡಿಯಲೆಂದು ದೋಣಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಕೊಟ್ಟವನು ಅವಳ ಗಂಡನೇ.

"ನೀನೂ ಉಜ್ಜಿದೆಯಲ್ಲ" ಎಂದಳು ಆ ಸಂಜೆ.

"ಹೇಳಿದ ಕೆಲಸ. ನಾನು ಬರೀ ಉಜ್ಜಿದ್ದು, ಬರೆದದ್ದು ನಾನಲ್ಲ."

ಅವಳು ಬೈಯಲಿಲ್ಲ. ಬೈಯದೆ ಒಳಗೆ ಹೋದದ್ದು ನೋಡಿ ಅವನಿಗೆ ಭಯವಾಯಿತು.

ಮರುದಿನದಿಂದ ದೋಣಿಯಮ್ಮ ಹಟ ಹಿಡಿದು ಮರ್ಯಾದಸ್ಥಳಾದಳು. "ಬನ್ನಿ ತಾಯಿ, ಬನ್ನಿ. ದಯವಿಟ್ಟು ಕೂತ್ಕೊಳ್ಳಿ. ನಿಂತರೆ ಬೀಳ್ತೀರಿ. ಬಿದ್ದರೂ ಪರವಾಗಿಲ್ಲ, ಅದು ನಿಮ್ಮಿಷ್ಟ." ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಕೆಣಕಿ ನೋಡಿದರು, ಒಬ್ಬ ಅವಳ ಚುಕ್ಕಾಣಿಗೇ ಕೈ ಹಾಕಿದ. ಅವಳು ಅವನ ಕೈಯನ್ನು ಮೆಲ್ಲಗೆ ಎತ್ತಿ ಅವನ ತೊಡೆಯ ಮೇಲಿಟ್ಟು, "ಹೀಗಿಟ್ಕೊಳ್ಳಿ ಸಾರ್" ಎಂದಳು. ದೂರುಗಳು ಬಂದವು. ಧಣಿಯ ಮುಖದ ಕಳೆ ಇಳಿಯಿತು.

"ನೋಡಮ್ಮ, ನಾಟಕ ಬೇಡ. ಬೈಯೋದಿದ್ದರೆ ಬೈ, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ. ನಿನ್ನ ವಾರಗಿತ್ತಿ ಆಗಲೇ ಕೇಳಿದ್ದಾಳೆ."

ಕೊನೆಯ ಮಾತಿಗೆ ಅವಳು ಸೋತಳು. ಬಂಡೆಯಕ್ಕ ಅಷ್ಟು ವರ್ಷ ಚಿನ್ನ ರನ್ನ ಎಂದು ಹಾರಿಸಿದವರಲ್ಲಿ ಒಬ್ಬರೂ ಅವಳ ಹೆಸರು ಕೇಳಿದವರಲ್ಲ; ಈಗ ಕೆಳಗೆ ಬೈಯುವವಳಿಗೆ ಹೆಸರು ಬಂದದ್ದು ಅವಳ ಹೊಟ್ಟೆಯಲ್ಲಿ ಬೆಂಕಿ ಹಾಕಿತ್ತು. ಆ ಬೆಂಕಿಗೆ ತನ್ನ ದೋಣಿ ಕೊಡಲು ದೋಣಿಯಮ್ಮ ತಯಾರಿರಲಿಲ್ಲ. ಮತ್ತೆ ಬೈಯತೊಡಗಿದಳು. ಆದರೆ ಹೊಸದೇನೂ ಬಾಯಿಗೆ ಬರಲಿಲ್ಲ. ಕ್ಯಾಮೆರಾ ಹುಡುಗನಿಗೆ ಬೈದದ್ದನ್ನೇ ಪಾಠದಂತೆ ಒಪ್ಪಿಸುತ್ತಿದ್ದಳು. ಬಂದವರಿಗೆಲ್ಲ ಅದು ಬಾಯಿಪಾಠವಾಗಿತ್ತು. "ಅಷ್ಟು ಸಣ್ಣ ಸಾಮಾನು" ಎಂದು ಅವಳು ಅಂದರೆ "ಇಷ್ಟು ದೊಡ್ಡ ನೀರಲ್ಲಿ ಸಿಗಲ್ಲ" ಎಂದು ಎಲ್ಲರೂ ಒಕ್ಕೊರಲಿನಿಂದ ಮುಗಿಸುತ್ತಿದ್ದರು.

ಅದೇ ಬೇಸಿಗೆಯ ಕೊನೆಗೆ ಕ್ಯಾಮೆರಾ ಹುಡುಗ ಮತ್ತೆ ಬಂದ. ಈ ಸಲ ಅವನ ಜೊತೆ ದೊಡ್ಡ ದಂಡೇ ಇತ್ತು. ಧಣಿ ಸ್ವತಃ ಬಾಗಿಲಿಗೆ ಹೋಗಿ ಕರೆದುತಂದ.

ಅವತ್ತು ಮಧ್ಯಾಹ್ನ ಗಾಳಿ ಎದ್ದಿತ್ತು. ಆ ಹುಡುಗನಿಗಿಂತ ಮೊದಲು ಹಾರಿದ ಹುಡುಗಿ ನೀರಿನಿಂದ ಎದ್ದವಳು ಮರಗಟ್ಟಿದಂತೆ ಅಲ್ಲೇ ತೇಲುತ್ತಾ ನಿಂತಳು, ತೇಲುಗುಂಡಿನ ಕಡೆ ಈಜಲಿಲ್ಲ. ದೋಣಿಯಮ್ಮ ಬೈಯುತ್ತಾ ದೋಣಿಯನ್ನು ಒಳಗೆ ತಂದು ಅವಳನ್ನು ಎಳೆದು ಹಾಕಿಕೊಂಡಳು. ತಿರುಗಿಸುವಷ್ಟರಲ್ಲಿ ಹುಡುಗಿಯ ಜಾಕೆಟ್ಟಿನ ಸಡಿಲ ಪಟ್ಟಿ ನೀರಿಗೆ ಇಳಿಬಿದ್ದು ಇಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡಿತು. ಇಂಜಿನ್ನು ಕೆಮ್ಮಿ ನಿಂತಿತು. ಗಾಳಿ ದೋಣಿಯನ್ನು ಬಂಡೆಯ ಬುಡಕ್ಕೆ ತಳ್ಳತೊಡಗಿತು.

ಮೇಲೆ ನೋಡಿದರೆ ಕ್ಯಾಮೆರಾ ಹುಡುಗ ತುದಿಯಲ್ಲಿ ನಿಂತಿದ್ದಾನೆ.

"ಮೇಲಿನವರು, ಯಾರನ್ನೂ ಬಿಡಬೇಡ. ದೋಣಿ ಕೆಳಗಿದೆ, ಇಂಜಿನ್ ನಿಂತಿದೆ" ಎಂದಳು ವಾಕಿಟಾಕಿಯಲ್ಲಿ. ಗಾಳಿಗೆ ಅದು ಬರೀ ಕರಕರ ಎಂದಿತು. ಅವಳು ಅದನ್ನು ಬಿಸಾಕಿ ಎದ್ದು ನಿಂತು ಎರಡೂ ಕೈ ಬೀಸಿದಳು. "ಬೇಡ, ಹಾರಬೇಡವೋ ಕತ್ತೆ, ಹಿಂದಕ್ಕೆ ಹೋಗು, ಸಾಯ್ತೀಯ, ಹಿಂದಕ್ಕೆ ಹೋಗು."

ಮೇಲಿದ್ದವರೆಲ್ಲ ಕೇಕೆ ಹಾಕಿ ನಕ್ಕರು. ಹುಡುಗ ಕೆಳಗೆ ಬಗ್ಗಿ ಹೆಬ್ಬೆರಳು ತೋರಿಸಿದ. ಬಂಡೆಯಕ್ಕನ ಕೈ ಅವನ ಜಾಕೆಟ್ಟಿನ ಬೆನ್ನುಪಟ್ಟಿಯ ಮೇಲಿರುವುದು ದೋಣಿಯಮ್ಮನಿಗೆ ಕಾಣುತ್ತಿತ್ತು. ಆ ಕೈ ಬಿಟ್ಟದ್ದೂ ಕಂಡಿತು.

ಅವನ ಹೆಗಲು ದೋಣಿಯ ಅಂಚಿಗೆ ಬಡಿಯಿತು. ದೋಣಿ ಒಂದು ಬದಿಗೆ ವಾಲಿ ಒಳಗಿದ್ದ ಹುಡುಗಿ ಚೀರಿದಳು. ದೋಣಿಯಮ್ಮ ಮೊಣಕಾಲೂರಿ, ನೀರಿನಲ್ಲಿ ಎರಡು ಸಲ ಕೈಯಾಡಿಸಿ, ಕೊರಳಪಟ್ಟಿ ಸಿಕ್ಕಿದ್ದೇ ಎಳೆದಳು. ಅವನ ಮುಖ ಸುಣ್ಣದಂತಾಗಿತ್ತು. ಒಂದು ತೋಳು ಇರಬೇಕಾದ ಕಡೆ ಇರಲಿಲ್ಲ. ಕೆಮ್ಮಿ ನೀರು ಕಕ್ಕಿ, ಅವಳನ್ನು ನೋಡಿ ನಗಲು ಯತ್ನಿಸಿದ. ಬೈಗುಳಕ್ಕೆ ಕಾಯುತ್ತಿದ್ದಾನೆ ಅನ್ನಿಸಿತು ಅವಳಿಗೆ. ಹುಟ್ಟು ಕೈಗೆತ್ತಿಕೊಂಡು ದಡದ ತನಕ ಒಂದು ಮಾತಿಲ್ಲದೆ ಹಾಕಿದಳು.

ಹುಡುಗ ಬದುಕಿಕೊಂಡ. ಹೆಗಲಿಗೆ ಲೋಹದ ಪಟ್ಟಿ ಹಾಕಿಸಿಕೊಂಡು, ತೋಳನ್ನು ಎದೆಗೆ ಕಟ್ಟಿಕೊಂಡು, ಅಪ್ಪನ ಜೊತೆ ಶಿಬಿರದ ಆಫೀಸಿಗೆ ಬಂದ. ಅಪ್ಪ ಟೈಲ್ಸ್ ಮೇಜಿಗೆ ಗುದ್ದಿ ಮಾತಾಡುವ ಮನುಷ್ಯ. ಧಣಿ ವಾರಗಿತ್ತಿಯರಿಬ್ಬರನ್ನೂ ಕರೆಸಿದ್ದ.

"ನಿಮ್ಮ ಹೆಂಗಸು ದೋಣಿ ತಂದು ನನ್ನ ಮಗನ ಕೆಳಗೆ ನಿಲ್ಲಿಸಿದಳಂತೆ."

ಧಣಿ ತಲೆದೂಗಿದ. "ಮೊದಲಿಂದಲೂ ಒರಟು ಹೆಂಗಸು ಸಾರ್. ಯಾರ ಮಾತೂ ಕೇಳೋದಿಲ್ಲ."

"ನಾನು ಬೇಡ ಅಂತ ಕೂಗಿದೆ" ಎಂದಳು ದೋಣಿಯಮ್ಮ.

"ಕೂಗಿದರು" ಎಂದ ಹುಡುಗ. ಅಪ್ಪ ಅವನ ಕಡೆ ತಿರುಗಿದ. "ಬೈತಾ ಇದ್ದರು. ಅದಕ್ಕೇ ಹಾರಿದೆ. ಇಲ್ಲಿ ಅವರ ಹತ್ತಿರ ಬೈಸಿಕೊಳ್ಳೋಕೇ ಅಲ್ವಾ ಹಾರೋದು?"

ಧಣಿ ಬಂಡೆಯಕ್ಕನನ್ನು ನೋಡಿದ. ಅವಳು ಗೋಡೆಗೆ ಒರಗಿ ನಿಂತಿದ್ದಳು.

"ಕೆಳಗಿಂದ 'ಬರಲಿ' ಅಂತ ಬರಲಿಲ್ಲ" ಎಂದಳು. "ಇವಳು ಬೇಡ ಬೇಡ ಅಂತ ಕೂಗಿದ್ದು ನನಗೂ ಕೇಳಿಸಿತು. ಅವನು ಮುಂದಕ್ಕೆ ಜಗ್ಗಿದ, ನಾನು ಕೈ ಬಿಟ್ಟೆ. ಆಟ ಅಂದ್ಕೊಂಡೆ." ಆಮೇಲೆ ದೋಣಿಯಮ್ಮನ ಕಡೆ ತಿರುಗಿದಳು. ದನಿಯಲ್ಲಿ ಬೆಣ್ಣೆ ಒಂದಿಷ್ಟೂ ಇರಲಿಲ್ಲ. "ಯಾವತ್ತು ನೀನು ಬೈಯದೆ ಮಾತಾಡಿದ್ದೀಯ? ಶಟರಿಗೆ ಬೈತೀಯ, ಗಂಡನಿಗೆ ಬೈತೀಯ, ನಲ್ಲಿಗೆ ಬೈತೀಯ. ನಿಜವಾಗಿ ಬೇಡ ಅನ್ನೋದು ಯಾವುದು, ಸುಮ್ಮನೆ ಅರಚೋದು ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು? ಹುಡುಗನ ಮೂಳೆ ಮುರಿದದ್ದರಲ್ಲಿ ನನಗೆಷ್ಟು ಪಾಲಿದೆಯೋ ನಿನಗೂ ಅಷ್ಟೇ ಇದೆ."

ದೋಣಿಯಮ್ಮನಿಗೆ ಎದ್ದು ಹೋಗಿ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆಡಿದ್ದು ನಿಜ ಎಂದೂ ಅನ್ನಿಸಿತು. ತಂಗಿಯ ವಿಷಯದಲ್ಲೂ ಹೀಗೇ, ಇವಳು ನಿಜವನ್ನೇ ಆಡಿದ್ದಳು. ಅದಕ್ಕೇ ಇವಳನ್ನು ಕಂಡರೆ ಮೈ ಉರಿಯುವುದು.

"ದೋಣಿ ಮೇಲಿನ ಚಿತ್ರ ಅಳಿಸಿ. ಕ್ಯಾಮೆರಾ ದೋಣಿಗೆ ಬರೋದು ಬೇಡ. ಆಗ ನಾನು ಇರ್ತೀನಿ" ಎಂದಳು ಧಣಿಗೆ.

"ಚಿತ್ರ ಇರುತ್ತೆ. ನೀನು ಇರೋದು ನಿನ್ನಿಷ್ಟ" ಎಂದ ಧಣಿ.

ದೋಣಿಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅವಳು ಹೊರಗೆ ಬಂದಳು. ಹೊರಗೆ ನಿಂತಿದ್ದ ಗಂಡ ಮನೆಯ ತನಕ ಜೊತೆಗೆ ನಡೆದ.

ಸರೋವರದ ಆ ಕಡೆಯ ತುದಿಯಲ್ಲಿ ಮೀನು ಸಾಕುವ ಕಂಪನಿಯೊಂದಿತ್ತು. ನೀರಿನಲ್ಲಿ ದೊಡ್ಡ ಬಲೆಯ ಪಂಜರಗಳು. ಅವುಗಳಿಗೆ ದೋಣಿಯಲ್ಲಿ ಮೇವಿನ ಚೀಲ ಸಾಗಿಸಿ ಎರಚುವ ಕೆಲಸ ಅವಳಿಗೆ ಸಿಕ್ಕಿತು. ಮೀನುಗಳು ಯಾವತ್ತೂ ಎದ್ದು ನಿಲ್ಲುವುದಿಲ್ಲ ಎಂದು ಗಂಡ ಹೇಳಿದ. ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದು, ಮನೆಗೆ ಬಂದು ಬೈಯಲು ಬಾಯಿ ತೆರೆದರೆ ದನಿ ಮೊದಲಿನ ಹಾಗೆ ಹೊರಡುತ್ತಿರಲಿಲ್ಲ. ಗಂಡನಿಗೆ ಅದೂ ಒಂದು ಕಸಿವಿಸಿ.

ಹಾರುಬಂಡೆಗೆ ಗಟ್ಟಿ ಬೇಲಿ ಹಾಕಿಸಿ, ಬೇರೆ ತರಬೇತುದಾರನನ್ನು ಇಟ್ಟು, ಧಣಿ ಬಂಡೆಯಕ್ಕನನ್ನು ಕೆಳಗಿನ ದೋಣಿಗೆ ಇಳಿಸಿದ. ಅವಳು ಬೇಡಿ ಪಡೆದ ಜಾಗವೇ ಅದು. ಆದರೆ ತಿಂಗಳಾಗುವಷ್ಟರಲ್ಲಿ ಅವಳ ಮುಖ ಇಳಿದುಹೋಯಿತು. ಗೋಡೆಯಾಚೆ ಪಾತ್ರೆಗಳನ್ನು ಎತ್ತಿ ಕುಕ್ಕುವ ಸದ್ದು ದೋಣಿಯಮ್ಮನಿಗೆ ಕೇಳುತ್ತಿತ್ತು.

ಒಂದು ಬೆಳಿಗ್ಗೆ ದೋಣಿಯಮ್ಮ ಹಿತ್ತಲಿನ ನಲ್ಲಿಯಲ್ಲಿ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದಳು. ಬಂಡೆಯಕ್ಕ ಬಿಂದಿಗೆ ಹಿಡಿದು ಬಂದು, ಎಂದಿನಂತೆ ದೂರ ನಿಲ್ಲದೆ ಹತ್ತಿರ ಬಂದು ನಿಂತಳು.

"ನಾನು ಬೈದರೆ ಯಾರೂ ಕೂರೋದಿಲ್ಲ" ಎಂದಳು.

ದೋಣಿಯಮ್ಮ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

"ನಗೋದೂ ಇಲ್ಲ. 'ಅಯ್ಯೋ ಪಾಪ, ಆಂಟಿಗೆ ಬೇಜಾರಾಗಿದೆ' ಅಂತಾರೆ. ನಿನ್ನೆ ಒಬ್ಬ ಬೀಳ್ತಾ ಇದ್ದ. ಹೇಗೆ ಬೈತಿದ್ದೆ ನೀನು?"

ಬಕೆಟ್ಟು ತುಂಬಿ ಹರಿಯಿತು. ದೋಣಿಯಮ್ಮ ಅದನ್ನು ಪಕ್ಕಕ್ಕೆ ಎಳೆದು, ನಲ್ಲಿ ನಿಲ್ಲಿಸದೆ, ವಾರಗಿತ್ತಿಗೆ ದಾರಿ ಬಿಟ್ಟಳು.

"ಎದುರಿಗೆ ಕೂತಿರೋದು ನಾನು ಅಂದ್ಕೋ. ಅಂದ್ಕೊಂಡು ಬೈ."

"ಅಷ್ಟೇನಾ?"

"ಅಷ್ಟೇ. ನಾನು ನಿನ್ನನ್ನ ಅಂದ್ಕೊಂಡೇ ಬೈತಿದ್ದದ್ದು."

ಬಂಡೆಯಕ್ಕ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಬಿಂದಿಗೆಯನ್ನು ನಲ್ಲಿಯ ಕೆಳಗೆ ಠಣ್ ಎಂದು ಇಟ್ಟಳು. ದೋಣಿಯಮ್ಮ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತು ಮಧ್ಯಾಹ್ನ ಮೇವು ಎರಚುತ್ತಿದ್ದಾಗ ನೀರಿನ ಮೇಲಿಂದ ತೇಲಿಬಂದ ಒಂದು ದನಿ ಮೀನು ಕಂಪನಿಯ ಪಂಜರಗಳ ತನಕ ಕೇಳಿಸಿತು. ಹರಿತವಾಗಿತ್ತು, ಎಡೆಬಿಡದೆ ಬರುತ್ತಿತ್ತು. ಪಕ್ಕದ ದೋಣಿಯ ಕೆಲಸಗಾರ ಕೈ ನಿಲ್ಲಿಸಿ ಆ ಕಡೆ ನೋಡಿದ.

"ಯಾರದು, ಯಾರಿಗೋ ಆ ಪರಿ ಬೈತಾ ಇರೋದು?"

"ನಮ್ಮ ವಾರಗಿತ್ತಿ" ಎಂದಳು ದೋಣಿಯಮ್ಮ. "ನನಗೇ ಬೈತಿದ್ದಾಳೆ." ಇನ್ನೊಂದು ಚೀಲದ ಬಾಯಿ ಬಿಚ್ಚಿದಳು.